ಹಳೆ ಜೀಪಿನ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್: ನನ್ನ ಅನುಭವ

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಟಾರು ರಸ್ತೆಯಿಂದ ತೋಟಕ್ಕೆ ಬರಲು ಎರಡು ಹಳ್ಳ ದಾಟಬೇಕು. ಮಳೆಗಾಲದಲ್ಲಿ ನೀರು ಜೀಪಿನ ಚಕ್ರದ ನಡುಭಾಗ, ಅಂದರೆ ಹಬ್ಬಿನ ಮಟ್ಟಕ್ಕೆ ಬರುತ್ತದೆ. ನನ್ನದು ಹಳೆಯ ಮಹೀಂದ್ರ ಡೀಸೆಲ್ ಜೀಪು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಮುಚ್ಚಿದ ಡಬ್ಬಿಯಂಥ ಡ್ರಮ್ಮಿನ ಒಳಗೋಡೆಗೆ ಶೂಗಳು ಒತ್ತಿ ಹಿಡಿಯುವಂಥದ್ದು. ಹಳ್ಳ ದಾಟಿದ ಮೇಲೆ ಮೊದಲ ಎರಡು ಸಲ ಬ್ರೇಕ್ ತುಳಿದರೆ ಏನೂ ಹಿಡಿಯುತ್ತಿರಲಿಲ್ಲ. ಮೂರನೇ ಸಲ ಒಂದೇ ಚಕ್ರ ಹಿಡಿದು ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಡ್ರಮ್ಮಿನೊಳಗೆ ಹೋದ ನೀರು, ಕೆಸರು ಬೇಗ ಹೊರಗೆ ಬರುವುದಿಲ್ಲ, ಅಲ್ವಾ? ಡಿಸ್ಕಾದರೆ ಬಯಲಿನಲ್ಲೇ ತಿರುಗುವ ಬಿಲ್ಲೆ, ಎರಡೂ ಕಡೆಯಿಂದ ಪ್ಯಾಡ್ ಅದನ್ನು ಒತ್ತಿ ಹಿಡಿಯುತ್ತದೆ. ಪ್ಯಾಡೇ ನೀರನ್ನು ಒರೆಸಿ ಹಾಕುತ್ತದೆ.

ಅದನ್ನೂ ಹೇಗೋ ಸಹಿಸಿಕೊಂಡಿದ್ದೆ. ಆದರೆ ಒಮ್ಮೆ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆ. ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಪೆಡಲ್ ಕೆಳಗೆ ಕೆಳಗೆ ಹೋಗತೊಡಗಿತು. ಡ್ರಮ್ ಕಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಶೂ ಮೇಲೆ ಅಂಟಿಸಿದ ಲೈನರಿನ ಹಿಡಿತವೂ ಕಡಿಮೆಯಾಗುತ್ತದೆ. ಎರಡನೇ ಗೇರಿಗೆ ಹಾಕಿ, ಅಂಚಿನಲ್ಲಿ ನಿಲ್ಲಿಸಿ, ಅರ್ಧ ಗಂಟೆ ಕಾದು ಇಳಿದೆ. ಅಮ್ಮ ಏನೂ ಹೇಳಲಿಲ್ಲ. ಸೀಟಿನ ಕಂಬಿ ಹಿಡಿದಿದ್ದ ಅವರ ಕೈ ನೋಡಿ ಅವತ್ತೇ ತೀರ್ಮಾನ ಮಾಡಿದೆ.

ಹಿಂದಿನ ಚಕ್ರದ ಡ್ರಮ್ ಮುಟ್ಟಲಿಲ್ಲ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಹಿಂದೆ ಜಾಸ್ತಿ ಹಿಡಿತ ಕೊಟ್ಟರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಅಡ್ಡ ತಿರುಗುವ ಅಪಾಯವೇ ಹೆಚ್ಚು.

ಕೆಲಸ ಮಾಡಿದ್ದು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ, ಮೇಸ್ತ್ರಿ ಜೊತೆ ನಾನೂ ಕೈ ಹಚ್ಚಿ. ಹಬ್ಬು ಬಿಚ್ಚಿದರೆ ಒಳಗೆ ಡ್ರಮ್ಮಿನ ತಟ್ಟೆ ಇರುತ್ತದೆ. ಅದನ್ನೂ ಸ್ಟಬ್ಬನ್ನೂ (ಹಬ್ಬು ತಿರುಗುವ ಗೂಟ) ಒಟ್ಟಿಗೆ ಹಿಡಿದಿರುವುದು ಆರು ಬೋಲ್ಟು. ಆ ತಟ್ಟೆ ತೆಗೆದು, ಅದೇ ಆರು ಬೋಲ್ಟಿಗೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಿಡಿಯುವ ಬ್ರಾಕೆಟ್ ಕೂರುತ್ತದೆ. ಚಕ್ರ ಹಿಡಿಯುವ ಹಬ್ಬಿನ ಸ್ಟಡ್‌ಗಳನ್ನು ಪ್ರೆಸ್ಸಿನಲ್ಲಿ ತೆಗೆದು, ಡ್ರಮ್ ಬೇರೆ ಮಾಡಿ, ಅದರ ಜಾಗದಲ್ಲಿ ಹಬ್ಬಿನ ಹಿಂದಕ್ಕೆ ಡಿಸ್ಕ್ ಸೇರಿಸಿದೆವು. ಬೊಲೆರೊದ ಡಿಸ್ಕ್, ಕ್ಯಾಲಿಪರ್ ತಂದಿದ್ದೆ. ಅದಕ್ಕೂ ಜೀಪಿಗೂ ಐದೇ ಸ್ಟಡ್, ಸ್ಟಡ್‌ಗಳು ಕೂರುವ ವೃತ್ತದ ಅಳತೆಯೂ ಒಂದೇ, 139.7 ಮಿ.ಮೀ. ಆದರೂ ನಡುವಿನ ತೂತನ್ನು ಲೇತಿನಲ್ಲಿ ಸರಿ ಮಾಡಿಸಬೇಕಾಯಿತು. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ. 0.1 ಮಿ.ಮೀ. ಗಿಂತ ಜಾಸ್ತಿ ಓಲಾಡಿದರೆ ಪೆಡಲ್ ಕಾಲಿಗೆ ಒದೆಯುತ್ತದೆ.

ಬ್ರಾಕೆಟ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ತುಂಡು ತುಂಡು ಪಟ್ಟಿ ವೆಲ್ಡ್ ಮಾಡಿದ್ದು ಬೇಡವೇ ಬೇಡ. ನಮ್ಮದು 12 ಮಿ.ಮೀ. ದಪ್ಪದ ಒಂದೇ ಪ್ಲೇಟಿನಿಂದ ಕೊಯ್ಸಿದ್ದು. ಇನ್ನೊಂದು, ಹಳೆ ಜೀಪಿನ ಬೋಲ್ಟುಗಳು ಇಂಚಿನ ಅಳತೆಯವು. ಮಿಲಿಮೀಟರ್ ಬೋಲ್ಟು ಸ್ವಲ್ಪ ಹತ್ತಿದಂತೆ ಕಂಡರೂ ಮರೆ (ಥ್ರೆಡ್) ಹಾಳಾಗುತ್ತದೆ.

ಸಂಜೆಯೊಳಗೆ ಎಲ್ಲ ಕೂತಿತು. ಆದರೆ ಬ್ರೇಕ್ ಆಯಿಲಿನ ಪೈಪಿನೊಳಗೆ ಸೇರಿದ ಏರ್ (ಗಾಳಿ) ಎಷ್ಟು ಸಲ ತೆಗೆದರೂ ಪೆಡಲ್ ಸ್ಪಂಜಿನಂತೆ ಮೆತ್ತಗೆ. ಬಗ್ಗಿ ನೋಡಿದರೆ ಏರ್ ತೆಗೆಯುವ ನಿಪ್ಪಲ್ ಎರಡೂ ಕಡೆ ಕೆಳಗಿದೆ! ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದ್ದೆವು. ಗಾಳಿ ಮೇಲೆ ನಿಲ್ಲುತ್ತದೆ, ಹಾಗಾಗಿ ನಿಪ್ಪಲ್ ಮೇಲೇ ಇರಬೇಕು. ಅದಲು ಬದಲು ಮಾಡಿದ ಮೇಲೆ ಪೆಡಲ್ ಗಟ್ಟಿಯಾಯಿತು.

ಮಾರನೇ ದಿನ ಖುಷಿಯಿಂದ ಮನೆಗೆ ಹೊರಟೆ. ಸಕ್ರೆಬೈಲು ದಾಟುವಷ್ಟರಲ್ಲಿ ಸುಟ್ಟ ವಾಸನೆ. ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ಎಳೆಯುತ್ತಿತ್ತು. ಮಂಡಗದ್ದೆಯಲ್ಲಿ ನಿಲ್ಲಿಸಿ ನೋಡಿದರೆ ಮುಂದಿನ ಹಬ್ಬುಗಳ ಹತ್ತಿರ ಕೈ ಒಯ್ಯಲಾಗಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿದೆ.

"ಅಣ್ಣಾ, ಪೆಡಲ್ ರಾಡಿಗೆ ಪ್ಲೇ ಇದೆಯಾ ನೋಡಿ."

ಇತ್ತು, ಅಂದರೆ ಕಾಲು ತೆಗೆದಾಗ ರಾಡು ಒತ್ತಿಕೊಂಡಿರಲಿಲ್ಲ. ಗಾಡಿ ಆರಿದ ಮೇಲೆ ಜಾಕಿ ಕೊಟ್ಟು ಚಕ್ರ ತಿರುಗಿಸಿದೆ, ತಿರುಗಲಿಲ್ಲ. ನಿಪ್ಪಲ್ ಸ್ವಲ್ಪ ಸಡಿಲ ಮಾಡಿದ ಕೂಡಲೇ ಆಯಿಲ್ ಚಿಮ್ಮಿತು, ಚಕ್ರ ಬಿಟ್ಟುಕೊಂಡಿತು. ಅಲ್ಲಿಗೆ ಗೊತ್ತಾಯಿತು, ಕಾಲು ತೆಗೆದ ಮೇಲೂ ಲೈನಿನಲ್ಲಿ ಒತ್ತಡ ಉಳಿಯುತ್ತಿದೆ.

ಕಾರಣ ನಾವು ಉಳಿಸಿಕೊಂಡಿದ್ದ ಹಳೆ ಮಾಸ್ಟರ್ ಸಿಲಿಂಡರ್. ಪೆಡಲ್ ತುಳಿದಾಗ ಆಯಿಲನ್ನು ಲೈನಿಗೆ ತಳ್ಳುವುದು ಅದೇ. ಡ್ರಮ್ ಬ್ರೇಕಿನ ಹಳೆ ಸಿಲಿಂಡರಿನ ಬಾಯಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಅದು ಲೈನಿನಲ್ಲಿ ಸುಮಾರು 10 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಲೆಕ್ಕ) ಒತ್ತಡ ಹಿಡಿದಿಡುತ್ತದೆ. ಡ್ರಮ್ಮಿಗೆ ಅದು ಬೇಕು, ಅದರಿಂದ ತೊಂದರೆಯೂ ಇಲ್ಲ. ಅಲ್ಲಿ ಶೂಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇದೆ, ಆ ಒತ್ತಡವನ್ನು ಅದು ಗೆಲ್ಲುತ್ತದೆ. ಕ್ಯಾಲಿಪರಿನಲ್ಲಿ ಸ್ಪ್ರಿಂಗೇ ಇಲ್ಲ. ಪಿಸ್ಟನ್ನಿನ ರಬ್ಬರ್ ಸೀಲು ಕೂದಲೆಳೆಯಷ್ಟು ಹಿಂದಕ್ಕೆಳೆದರೆ ಅಷ್ಟೇ. 10 ಪಿಎಸ್‌ಐ ಅದಕ್ಕೆ ಜಾಸ್ತಿ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಹೊರಗೆ ಕಾಣುವ ಕಬ್ಬಿಣದ ಕೆಲಸಕ್ಕೆ ಒಂದು ದಿನ ಕೊಟ್ಟೆವು. ಒಳಗೆ ಹರಿಯುವ ಆಯಿಲ್ ಬಗ್ಗೆ ಯೋಚನೆ ಮಾಡಿರಲಿಲ್ಲ.

ಹಾಗಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಗಾಡಿಯ ಜೋಡಿ ಮಾಸ್ಟರ್ ಸಿಲಿಂಡರ್ ತಂದೆವು. ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಲೈನು. ಒಂದು ಒಡೆದರೂ ಇನ್ನೊಂದು ಇರುತ್ತದೆ. ಹಳೆಯದರಲ್ಲಿ ಒಂದು ಪೈಪ್ ಹೋದರೆ ಎಲ್ಲವೂ ಹೋಯಿತು. ಇಷ್ಟು ವರ್ಷ ಅದರಲ್ಲೇ ಘಾಟಿ ಇಳಿದೆನಲ್ಲ ಎಂದು ಈಗ ನೆನೆದರೂ ಮೈ ಜುಂ ಎನ್ನುತ್ತದೆ. ಡ್ರಮ್ಮಿನ ಶೂ ತಿರುಗುವ ರಭಸಕ್ಕೆ ತಾನೇ ಒತ್ತಿಕೊಳ್ಳುತ್ತದೆ, ಡಿಸ್ಕಿಗೆ ಆ ಗುಣ ಇಲ್ಲ. ಕಾಲಿನ ಬಲ ಸಾಲದು. ಅದಕ್ಕೆ, ವ್ಯಾಕ್ಯೂಮಿನಿಂದ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಹಾಕಿಸಿದೆ. ಡೀಸೆಲ್ ಇಂಜಿನ್ನಿನಲ್ಲಿ ಬೂಸ್ಟರಿಗೆ ಬೇಕಾದಷ್ಟು ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲವಾದ್ದರಿಂದ, ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಕೂಡ ಬಂತು. ಖರ್ಚು ಏರಿದ್ದು ಇಲ್ಲೇ.

ಇದಾದ ಮೇಲೂ ಒಂದು ತೊಂದರೆ ಉಳಿಯಿತು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ತೆಗೆದರೆ ಮೊದಲ ತುಳಿತ ಪೂರ್ತಿ ಕೆಳಗೆ. ನನ್ನ ಜೀಪಿನಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಕಾಲಿನ ಹಲಗೆಯ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿ. ಆಯಿಲ್ ನಿಧಾನಕ್ಕೆ ವಾಪಸ್ ಇಳಿಯುತ್ತಿತ್ತು. ಮುಂದಿನ ಲೈನಿಗೆ 2 ಪಿಎಸ್‌ಐ ವಾಲ್ವ್, ಹಿಂದಿನ ಡ್ರಮ್ ಲೈನಿಗೆ 10 ಪಿಎಸ್‌ಐ ವಾಲ್ವ್ ತರಿಸಿ ಹಾಕಿದ ಮೇಲೆ ಸರಿಹೋಯಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಮಾನು.

ಖಾಲಿ ಮೈದಾನದ ಜಲ್ಲಿ ಮಣ್ಣಿನ ಮೇಲೆ, ಮೇಸ್ತ್ರಿಯನ್ನು ಹೊರಗೆ ನಿಲ್ಲಿಸಿ ಪರೀಕ್ಷೆ ಮಾಡಿದೆ. ಗಟ್ಟಿಯಾಗಿ ತುಳಿದಾಗ ಮುಂದಿನ ಚಕ್ರ ಮೊದಲು ನಿಲ್ಲಬೇಕು, ಹಿಂದಿನದಲ್ಲ. ಹಾಗೇ ಆಯಿತು. ವಿಮಾ ಕಂಪನಿಗೂ ಬರೆದು ತಿಳಿಸಿದೆ.

ಈಗ ಒಂದು ಮಳೆಗಾಲ ಕಳೆದಿದೆ. ಹಳ್ಳ ದಾಟಿದ ಮೇಲೆ ಮೊದಲ ತುಳಿತಕ್ಕೇ ನೇರವಾಗಿ ನಿಲ್ಲುತ್ತದೆ. ಕೆಸರು ಮಾತ್ರ ಕ್ಯಾಲಿಪರಿನ ಜಾರುವ ಪಿನ್ನುಗಳಿಗೆ ಸೇರುತ್ತದೆ. ದೀಪಾವಳಿ ಹೊತ್ತಿಗೆ ಬಿಚ್ಚಿ ತೊಳೆದು ಗ್ರೀಸ್ ಹಚ್ಚಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ನಮ್ಮ ಕಡೆಯ ಥಂಡಿಗೆ ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಅಂತ ಇಟ್ಟುಕೊಂಡಿದ್ದೇನೆ. ಮೊನ್ನೆ ಅಮ್ಮನ ಜೊತೆ ಮತ್ತೆ ಆಗುಂಬೆ ಇಳಿದೆ. ಘಾಟಿ ಮುಗಿದು ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಪೆಡಲ್ ಮೇಲಿದ್ದಲ್ಲೇ ಇತ್ತು.