ಊಟ-ವಸತಿಗೆ ಫೋಟೋ ತೆಗೆದುಕೊಟ್ಟು ಊರು ಸುತ್ತೋದು ಹೇಗೆ

ಕ್ಯಾಮೆರಾ ಇದೆ, ಸುತ್ತೋ ಆಸೆ ಇದೆ, ದುಡ್ಡು ಕಮ್ಮಿ ಅನ್ನೋರು ಊಟ-ವಸತಿಗೆ ಬದಲಾಗಿ ಫೋಟೋ ತೆಗೆದುಕೊಡಬಹುದು, ನಾನು ಹೀಗೇ ಮಾಡ್ಕೊಂಡು ಬಂದಿದೀನಿ. ಮೊದಲು ಸೀಸನ್ ನೋಡ್ಕೊಳ್ಳಿ. ಚಿಕ್ಕಮಗಳೂರು, ಕೊಡಗಿನ ಕಡೆ ಮಾರ್ಚ್-ಏಪ್ರಿಲಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ತೋಟ ಪೂರ್ತಿ ಬೆಳ್ಳಗಾಗುತ್ತೆ, ಆದ್ರೆ ಆ ಹೂವು ಎರಡು ಮೂರು ದಿನದಲ್ಲೇ ಬಾಡೋಗುತ್ತೆ, ಅದಕ್ಕೇ ಹೋಮ್‌ಸ್ಟೇಯವರ ಹತ್ರ ಮೊದಲೇ ಮಾತಾಡಿಟ್ಟು, ಮಳೆ ಬಿತ್ತು ಅಂದ ತಕ್ಷಣ ಬ್ಯಾಗ್ ರೆಡಿ ಮಾಡ್ಕೋಬೇಕು.

ಕೇಳುವಾಗ "ಫ್ರೀ ರೂಮ್ ಕೊಡ್ತೀರಾ" ಅಂತ ಶುರು ಮಾಡ್ಬೇಡಿ. "ಎರಡು ರಾತ್ರಿ ಉಳ್ಕೊತೀನಿ ಸರ್, ರೂಮು, ಅಡುಗೆ, ತೋಟ ಸೇರಿ 30 ಫೋಟೋ ಎಡಿಟ್ ಮಾಡಿ 7 ದಿನದಲ್ಲಿ ಕಳಿಸ್ತೀನಿ" ಅನ್ನಿ, ವಾಟ್ಸಾಪಲ್ಲೇ ಬರೆದು ಓಕೆ ತಗೊಳ್ಳಿ. ನಾನೊಮ್ಮೆ ಬಾಯಿಮಾತಲ್ಲೇ ಒಪ್ಕೊಂಡು ಹೋಗಿ, 30 ಇದ್ದಿದ್ದು 200 ಆಗಿ, ತೋಟಕ್ಕೆ ಕಾಲಿಡೋಕೇ ಟೈಮ್ ಸಿಗ್ಲಿಲ್ಲ, ತುಂಬಾ ಬೇಜಾರಾಯ್ತು. ಬಸ್ ಚಾರ್ಜ್ ಮಾತ್ರ ಸಂಕೋಚ ಇಲ್ದೆ ಕೇಳಿ.

ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಹೆಚ್ಚಾಗಿ ನವೆಂಬರಿಂದ ಮೇ ತನಕ. ಚೌಕಿ, ಅಂದ್ರೆ ಕಲಾವಿದರು ವೇಷ ಹಾಕ್ಕೊಳ್ಳೋ ಜಾಗದೊಳಗೆ ಹೋಗೋಕೆ ಮುಂಚೆ ಮೇಳದವರನ್ನ ಕೇಳಿ, ಚಪ್ಪಲಿ ಹೊರಗೆ ಬಿಡಿ, ಫ್ಲಾಶ್ ಬೇಡವೇ ಬೇಡ. ಕಲಾವಿದರು ಕನ್ನಡಿ ಹಿಡ್ಕೊಂಡು ತಾವೇ ಬಣ್ಣ ಹಚ್ಕೊಳ್ಳೋದು, ಹುಬ್ಬಿನ ಗೆರೆ ಎಳೆಯುವಾಗ ಉಸಿರು ಬಿಗಿ ಹಿಡಿಯೋದು, ಇದನ್ನ ಹತ್ರದಿಂದ ನೋಡೋಕೆ ಸಿಕ್ರೆ ದುಡ್ಡು ಯಾಕೆ ಬೇಕು ಹೇಳಿ! ಅವರಿಗೊಂದು ಪ್ರಿಂಟ್ ಹಾಕ್ಸಿ ಕಳಿಸಿ, ಮರೀಬೇಡಿ.

ಹಂಪಿ ಸ್ಮಾರಕಗಳಲ್ಲಿ ಟ್ರೈಪಾಡ್ ಇಡೋದಾದ್ರೆ ಪುರಾತತ್ವ ಇಲಾಖೆ ಪರ್ಮಿಷನ್ ಬೇಕು. ಆಮೇಲೆ ದಿನಾ ರಾತ್ರಿ ಮಲಗೋ ಮುಂಚೆ ಕಾರ್ಡಿಂದ ಎರಡು ಕಡೆ ಕಾಪಿ ಮಾಡಿಟ್ಕೊಳ್ಳಿ.