ಹಳೆಯ ಪವರ್ ಆಂಪ್ಲಿಫೈಯರ್‌ಗೆ ಕರೆಂಟ್ ಕೊಡುವ ಮುನ್ನ

ವರ್ಷಗಟ್ಟಲೆ ಅಟ್ಟದಲ್ಲಿ ಧೂಳು ಹಿಡಿದಿದ್ದ ಆಂಪ್ಲಿಫೈಯರ್ ಕೈಗೆ ಸಿಕ್ಕಾಗ, ಅದು ಮನೆಯ ಹಿರಿಯರದ್ದಾಗಿರಲಿ, ಭಾನುವಾರ ಸಂಡೆ ಬಜಾರಿನಲ್ಲಿ ಚೌಕಾಸಿ ಮಾಡಿ ತಂದದ್ದಾಗಿರಲಿ, ಹಾಡುತ್ತದೆಯೋ ಇಲ್ಲವೋ ನೋಡಿಬಿಡೋಣವೆಂದು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವ ಆಸೆಯನ್ನು ತಡೆದುಕೊಳ್ಳಬೇಕು. ಒಳಗೆ ಒಂದೇ ಒಂದು ಭಾಗ ಶಾರ್ಟ್ ಆಗಿದ್ದರೂ ಆ ಕ್ಷಣದಲ್ಲಿ ಅದು ಚೆನ್ನಾಗಿರುವ ಟ್ರಾನ್ಸಿಸ್ಟರುಗಳನ್ನೂ ಸುಟ್ಟುಬಿಡಬಹುದು. ಹೊರದೇಶದ ಯಂತ್ರವಾದರೆ ಹಿಂಬದಿಯ ವೋಲ್ಟೇಜ್ ಗುರುತನ್ನೂ ಓದಿ; ಜಪಾನಿನ 100 ವೋಲ್ಟಿಗೆ ಮಾಡಿದ್ದು ನಮ್ಮ 230 ವೋಲ್ಟಿನಲ್ಲಿ ಉಳಿಯುವುದಿಲ್ಲ. ವಾಲ್ವ್ ಆಂಪ್ಲಿಫೈಯರುಗಳ ಒಳಗೆ ನೂರಾರು ವೋಲ್ಟ್ ಇರುವುದರಿಂದ ಹವ್ಯಾಸದ ಮೊದಲ ಕೆಲಸಕ್ಕೆ ಅವು ಬೇಡ. ಇಲ್ಲಿ ಹೇಳುತ್ತಿರುವುದು ಟ್ರಾನ್ಸಿಸ್ಟರ್ ಯಂತ್ರಗಳ ವಿಷಯ.

ಮೊದಲು ಒಂದು ಸೀರೀಸ್ ಬೋರ್ಡ್ ಮಾಡಿಕೊಳ್ಳಿ. ಪ್ಲಗ್ಗಿನಿಂದ ಯಂತ್ರಕ್ಕೆ ಬರುವ ಫೇಸ್ ತಂತಿಯ ನಡುವೆ ಒಂದು ಹೋಲ್ಡರ್ ಹಾಕಿ, ಅದರಲ್ಲಿ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಕೂರಿಸಿದರೆ ಆಯಿತು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಉರಿಯದೆ ತಣ್ಣಗಿರುವಾಗ ಫಿಲಮೆಂಟಿನ ರೋಧ ಸುಮಾರು 40 ಓಮ್ ಇರುತ್ತದೆ, ಪೂರ್ತಿ ಉರಿಯುವಾಗ 500 ಓಮ್ ದಾಟುತ್ತದೆ. ಆದ್ದರಿಂದ ಯಂತ್ರ ಹೆಚ್ಚು ಕರೆಂಟ್ ಎಳೆಯತೊಡಗಿದರೆ ಬಲ್ಬೇ ಅದನ್ನು ತಡೆದು ತಾನು ಬೆಳಗುತ್ತದೆ. ಸ್ವಿಚ್ ಹಾಕಿದಾಗ ಬಲ್ಬು ಒಮ್ಮೆ ಬೆಳಗಿ ಮಂಕಾದರೆ ವಿದ್ಯುತ್ತನ್ನು ಕೂಡಿಟ್ಟುಕೊಂಡು ಸಪ್ಲೈಯನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರುಗಳು ತುಂಬಿಕೊಂಡವೆಂದು ತಿಳಿಯಬಹುದು. ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ.

ಆದರೆ ಸ್ವಿಚ್ ಹಾಕುವ ಮೊದಲೇ, ಪ್ಲಗ್ ಕಿತ್ತಿಟ್ಟು ಮಾಡುವ ಪರೀಕ್ಷೆಯಿಂದ ಅರ್ಧ ರೋಗ ಗೊತ್ತಾಗುತ್ತದೆ. ಫಿಲ್ಟರ್ ಕೆಪಾಸಿಟರಿನ ಎರಡು ತುದಿಗಳಿಗೆ 1 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಅರ್ಧ ನಿಮಿಷ ಹಿಡಿದು, ವೋಲ್ಟೇಜ್ ಇಳಿದಿರುವುದನ್ನು ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ಪದ್ಧತಿ ಖಂಡಿತ ಬೇಡ. ಆಮೇಲೆ ಮೀಟರನ್ನು ಡಯೋಡ್ ಗುರುತಿಗಿಟ್ಟು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರನ್ನೂ ಸ್ಪೀಕರನ್ನು ನಡೆಸುವ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನೂ ಪರೀಕ್ಷಿಸಿ. ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಎಮಿಟರ್ ಎಂಬ ತುದಿಗಳ ನಡುವೆ ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ತೋರಿಸಿದರೆ ಆ ಟ್ರಾನ್ಸಿಸ್ಟರನ್ನು ಬಿಚ್ಚಿ ಮತ್ತೊಮ್ಮೆ ಅಳೆಯಿರಿ.

ಟ್ರಾನ್ಸಿಸ್ಟರ್ ಸುಟ್ಟಿದೆ ಎಂದು ಗೊತ್ತಾದ ಮೇಲೆ, ಅದು ಏಕೆ ಸುಟ್ಟಿತು ಎನ್ನುವುದನ್ನು ಹುಡುಕದೆ ಹೊಸದನ್ನು ಹಾಕಬಾರದು. ನನ್ನ ಮೊದಲ ಯಂತ್ರದಲ್ಲಿ ನಾನು ಹೊಸ ಜೋಡಿಯನ್ನು ಹಾಕಿ, ಬಲ್ಬಿಲ್ಲದೆ ನೇರವಾಗಿ ಕರೆಂಟ್ ಕೊಟ್ಟೆ. ಎರಡೂ ಒಂದೇ ಉಸಿರಿಗೆ ಹೋದವು. ಶಾಖ ಹೀರುವ ಲೋಹದ ಹೀಟ್ ಸಿಂಕಿಗೆ ಅಂಟಿಸಿದ್ದ, ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಸಣ್ಣ ಕರೆಂಟನ್ನು, ಅಂದರೆ ಬಯಾಸನ್ನು, ಹಿಡಿತದಲ್ಲಿಡುವ ಬಯಾಸ್ ಡಯೋಡಿನ ಒಂದು ಕಾಲು, ಅದು ಮೈಯಿಂದ ಹೊರಬರುವ ಜಾಗದಲ್ಲಿಯೇ, ಕೂದಲೆಳೆಯಷ್ಟು ಸೀಳಿತ್ತು. ಮೀಟರಿನ ಮೊನೆಯಿಂದ ಒತ್ತಿ ಹಿಡಿದಾಗ 0.6 ವೋಲ್ಟ್ ತೋರಿಸಿ ಚೆನ್ನಾಗಿದೆ ಎನ್ನಿಸುತ್ತಿತ್ತು, ಒತ್ತಡ ಬಿಟ್ಟ ಕೂಡಲೇ ಸಂಪರ್ಕ ತಪ್ಪುತ್ತಿತ್ತು. ಆ ಡಯೋಡಿನ ದಾರಿ ತೆರೆದುಕೊಂಡರೆ ಎರಡೂ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಒಟ್ಟಿಗೆ ಪೂರ್ತಿ ಹರಿಯತೊಡಗುತ್ತವೆ. ಆದ್ದರಿಂದ ಬಯಾಸ್ ಡಯೋಡ್, ಬಯಾಸ್ ಪ್ರಿಸೆಟ್ (ಬಯಾಸನ್ನು ಹೊಂದಿಸಲು ತಿರುಗಿಸುವ ಪುಟ್ಟ ರೆಸಿಸ್ಟರ್), ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರುಗಳು, ಎಮಿಟರಿಗೆ ಜೋಡಿಸಿದ ಎಮಿಟರ್ ರೆಸಿಸ್ಟರುಗಳು ಇವೆಲ್ಲವನ್ನೂ ಅಲುಗಾಡಿಸಿ ನೋಡಿ ಅಳೆಯುವುದು ಬಿಡಲಾಗದ ಕೆಲಸ.

ಬಿಡಿಭಾಗಗಳಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ಹೋಗುವಾಗ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಔಟ್‌ಪುಟ್‌ಗೆ ಬಳಸುವ 2ಎನ್3055 ಎಂಬ ಹೆಸರು ಹೊತ್ತ ನಕಲಿ ಟ್ರಾನ್ಸಿಸ್ಟರುಗಳು ಬಹಳ. ಲೋಹದ ಕವಚ ಒಂದೇ ತೆರನಾಗಿದ್ದರೂ ಒಳಗಿನ ಚಿಪ್ ಚಿಕ್ಕದಿರುತ್ತದೆ. ಅಸಲಿಯಾದರೂ ಅದು ತಡೆಯುವುದು 60 ವೋಲ್ಟ್. ನಿಮ್ಮ ಯಂತ್ರದ ಸಪ್ಲೈ ಧನ 35, ಋಣ 35 ಇದ್ದರೆ ಒಟ್ಟು 70 ವೋಲ್ಟ್ ಬೀಳುವುದರಿಂದ ಎಂಜೆ15003ರಂಥ 140 ವೋಲ್ಟಿನದ್ದೇ ಬೇಕು. ಫಿಲ್ಟರ್ ಕೆಪಾಸಿಟರಿನ ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆಯಾಗಬಾರದು. ಟ್ರಾನ್ಸಿಸ್ಟರನ್ನು ಕೂರಿಸುವಾಗ, ಕರೆಂಟ್ ದಾಟಿಸದ ಮೈಕಾ ಹಾಳೆಯ ಎರಡೂ ಬದಿಗೆ ಶಾಖ ದಾಟಿಸುವ ಪೇಸ್ಟನ್ನು ತೆಳುವಾಗಿ ಹಚ್ಚಿ, ಕವಚಕ್ಕೂ ಹೀಟ್ ಸಿಂಕಿಗೂ ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ.

ಬಯಾಸ್ ಪ್ರಿಸೆಟ್ಟನ್ನು ಅತಿ ಕಡಿಮೆ ಕರೆಂಟಿನ ಕಡೆಗೆ ತಿರುಗಿಸಿಟ್ಟು, ಸ್ಪೀಕರ್ ಇಲ್ಲದೆ, ಸೀರೀಸ್ ಬೋರ್ಡಿನ ಮೂಲಕ ಸ್ವಿಚ್ ಹಾಕಿ. ಬಲ್ಬು ಮಂಕಾಗಿದ್ದು, ಸ್ಪೀಕರ್ ತುದಿಯಲ್ಲಿ ಡಿಸಿ 50 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ಮಾತ್ರ ನೇರ ಕರೆಂಟಿಗೆ ಬನ್ನಿ; ಒಂದೆರಡು ವೋಲ್ಟ್ ಕಂಡರೂ ಅದು ಸ್ಪೀಕರಿನ ಕಾಯಿಲನ್ನು ಕಾಯಿಸಿ ಕೆಡಿಸಬಲ್ಲದು. ಬಯಾಸನ್ನು ಎಮಿಟರ್ ರೆಸಿಸ್ಟರಿನ ಮೇಲೆ ಅಳೆಯಿರಿ: 0.22 ಓಮಿನ ಮೇಲೆ 10 ಮಿಲಿವೋಲ್ಟ್ ಎಂದರೆ ಸುಮಾರು 45 ಮಿಲಿಆಂಪಿಯರ್. ಸರ್ವಿಸ್ ಮ್ಯಾನ್ಯುಯಲ್ ಇದ್ದರೆ ಅದರಲ್ಲಿರುವ ಅಂಕಿಯೇ ಪ್ರಮಾಣ. ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು ಮತ್ತೆ ಅಳೆಯಿರಿ. ಅಂಕಿ ನಿಲ್ಲದೆ ಏರುತ್ತಲೇ ಇದ್ದರೆ ಆರಿಸಿ, ಬಯಾಸ್ ಡಯೋಡು ಹೀಟ್ ಸಿಂಕಿಗೆ ಸರಿಯಾಗಿ ಅಂಟಿದೆಯೇ ನೋಡಿ. ಎಲ್ಲವೂ ಸ್ಥಿರವಾಗಿದ್ದರೆ, ಹಾಳಾದರೂ ಪರವಾಗಿಲ್ಲವೆನ್ನುವಂಥ ಹಳೆಯ ಸ್ಪೀಕರೊಂದನ್ನು ಜೋಡಿಸಿ, ವಾಲ್ಯೂಮನ್ನು ನಿಧಾನವಾಗಿ ಏರಿಸುತ್ತಾ, ಹೀಟ್ ಸಿಂಕನ್ನು ಆಗಾಗ ಮುಟ್ಟಿ ನೋಡುತ್ತಾ ಒಂದು ಗಂಟೆ ಹಾಡಿಸಿ. ಮುಚ್ಚಳದ ಸ್ಕ್ರೂಗಳನ್ನು ಬಿಗಿ ಮಾಡುವುದು ಅದಾದ ಮೇಲೆ.