ಸುಳಿವು ನಾಲ್ಕು, ನಂಟು ಒಂದು

ಗುಂಟೂರು, ಎಂಆರ್‌ಐ ಯಂತ್ರ, ಸೂರ್ಯ, ಜಾತ್ರೆಯ ಬಲೂನು. ಈ ನಾಲ್ಕಕ್ಕೂ ಏನು ನಂಟು? ಇಂಥ ವಿಜ್ಞಾನದ ಒಗಟು ಬಿಡಿಸುವುದಕ್ಕಿಂತ ಕಟ್ಟುವುದರಲ್ಲೇ ಮಜಾ ಜಾಸ್ತಿ. ಒಂದು ಹಾಳೆ, ಪೆನ್ನು ಇದ್ದರೆ ಸಾಕು.

ಮೊದಲು ಉತ್ತರ ಹಿಡಿಯಿರಿ. ಸುಳಿವಿನಿಂದ ಶುರು ಮಾಡಿದರೆ ಎಲ್ಲಿಗೂ ಮುಟ್ಟುವುದಿಲ್ಲ. ಮೇಲಿನ ಒಗಟಿಗೆ ಉತ್ತರ ಹೀಲಿಯಂ. ಅಯ್ಯೋ, ಹೇಳಿಬಿಟ್ಟೆ! ಇರಲಿ, ಅದನ್ನು ಹಾಳೆಯ ನಡುವೆ ಬರೆದು ಸುತ್ತ ನೆನಪಾದದ್ದನ್ನೆಲ್ಲ ಗೀಚಿ. ಎಲ್ಲಿ ಸಿಕ್ಕಿತು, ಹೆಸರು ಹೇಗೆ ಬಂತು, ಯಾವ ಕೆಲಸಕ್ಕೆ ಬರುತ್ತದೆ. ಹತ್ತು ಸಂಗತಿ ಸೇರಿದರೆ ನಾಲ್ಕು ಉಳಿಯುತ್ತವೆ.

ಈಗ ಸೋಸಬೇಕು. ನಾನು ಮೊದಲ ಸಲ ಸೂರ್ಯ, ಬಲೂನು ಎರಡನ್ನೇ ಕೊಟ್ಟಿದ್ದೆ. ಅಕ್ಕನ ಮಗಳು ಥಟ್ಟನೆ 'ಹೈಡ್ರೋಜನ್' ಅಂದಳು. ತಪ್ಪು ಅನ್ನುವ ಹಾಗಿರಲಿಲ್ಲ. ಸೂರ್ಯನಲ್ಲಿ ಅದೇ ಜಾಸ್ತಿ ಅಲ್ವಾ? 1783ರಲ್ಲೇ ಪ್ಯಾರಿಸ್‌ನಲ್ಲಿ ಹೈಡ್ರೋಜನ್ ತುಂಬಿದ ಬಲೂನು ಹಾರಿತ್ತು. ಹಾಗಾಗಿ ಬೇರೆ ಉತ್ತರಕ್ಕೆ ಬಾಗಿಲು ಹಾಕುವ ಸುಳಿವು ಒಂದಾದರೂ ಬೇಕು. ಎಂಆರ್‌ಐ ಆ ಕೆಲಸ ಮಾಡುತ್ತದೆ. ಅದರೊಳಗಿನ ದೊಡ್ಡ ಅಯಸ್ಕಾಂತವನ್ನು ತಂಪಾಗಿಡುವುದು ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂ. ಅಷ್ಟು ಚಳಿಗೆ ಹೈಡ್ರೋಜನ್ ಗಟ್ಟಿಯಾಗಿಬಿಡುತ್ತದೆ.

ಗುಂಟೂರು ಯಾಕೆ ಬಂತು? 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ನೋಡಿದ್ದು ಅಲ್ಲಿಂದ. ಆ ವರ್ಷ ಸೂರ್ಯನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದವರಿಗೆ ಒಂದು ಹಳದಿ ಗೆರೆ ಕಂಡಿತು. ಅದು ಆಗ ಗೊತ್ತಿದ್ದ ಯಾವ ಧಾತುವಿನದೂ ಆಗಿರಲಿಲ್ಲ. ಗ್ರೀಕರು ಸೂರ್ಯನನ್ನು ಹೀಲಿಯೋಸ್ ಅನ್ನುತ್ತಿದ್ದರು, ಆ ಹೆಸರೇ ಇದಕ್ಕೂ ಬಂತು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

ಸುಳಿವುಗಳನ್ನು ಒಟ್ಟಿಗೆ ಕೊಡಬೇಡಿ. ಕಷ್ಟದ್ದು ಮೊದಲು, ಸುಲಭದ್ದು ಕೊನೆಗೆ. ಗುಂಟೂರಿಗೇ ಉತ್ತರ ಹೇಳಿದವರಿಗೆ ನಾಲ್ಕು ಅಂಕ, ಬಲೂನಿನವರೆಗೆ ಕಾದವರಿಗೆ ಒಂದು.

ಒಂದು ಎಚ್ಚರಿಕೆ. ಇಂಗ್ಲಿಷ್ ಒಗಟನ್ನು ಹಾಗೇ ಎತ್ತಿಕೊಂಡರೆ ಕೊಂಡಿ ಕಳಚುತ್ತದೆ. ಅಲ್ಲಿ ಗ್ರಹವೂ ಮರ್ಕ್ಯುರಿ, ಥರ್ಮಾಮೀಟರಿನ ದ್ರವವೂ ಮರ್ಕ್ಯುರಿ. ನಮ್ಮಲ್ಲಿ ಒಂದು ಬುಧ, ಇನ್ನೊಂದು ಪಾದರಸ. ಬದಲಿಗೆ 'ಬೆಳ್ಳಿ' ಹಿಡಿಯಿರಿ. ಬೆಳಗಿನ ಜಾವ ಹೊಳೆಯುವ ಶುಕ್ರಗ್ರಹವನ್ನು ನಾವು ಬೆಳ್ಳಿಚುಕ್ಕಿ ಅನ್ನುತ್ತೇವೆ. ಅರ್ಜೆಂಟೀನಾಕ್ಕೆ ಹೆಸರು ಬಂದದ್ದು ಬೆಳ್ಳಿಯ ಲ್ಯಾಟಿನ್ ಪದದಿಂದ. ಹಳೆಯ ಕ್ಯಾಮೆರಾ ರೀಲಿನ ಮೇಲೆ ಬೆಳಕಿಗೆ ಕಪ್ಪಾಗುತ್ತಿದ್ದುದು ಬೆಳ್ಳಿಯ ಲವಣ. ಅರ್ಜೆಂಟೀನಾ, ರೀಲು, ಶುಕ್ರ, ಈ ಕ್ರಮದಲ್ಲಿ ಕೇಳಿ. ಕೊನೆಗೆ ಅಜ್ಜಿಯ ಕಾಲುಂಗುರ. ಕಾಲುಂಗುರ ಬರುವ ಮುಂಚೆಯೇ ಯಾರಾದರೂ ಹೇಳಿಬಿಟ್ಟರೆ, ಮುಂದಿನ ಒಗಟು ಕಟ್ಟುವ ಕೆಲಸ ಅವರಿಗೇ ಕೊಡಿ.